ಫ್ರಾಂಕ್‌ಫರ್ಟ್‌ನಿಂದ ಬರುವ ಮರಿಗೆ ಕಲಬುರಗಿಯಲ್ಲಿ ತಯಾರಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರ್. ನನ್ನ ತಮ್ಮ ನಾಲ್ಕು ವರ್ಷದಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದ್ದಾನೆ. ಈ ಜನವರಿಗೆ ಕೆಲಸ ಬಿಟ್ಟು ಪೂರ್ತಿ ಊರಿಗೇ ಬರುತ್ತಿದ್ದಾನೆ. ಅವನ ಹತ್ತಿರ ಒಂದು ಲ್ಯಾಬ್ರಡಾರ್ ಮರಿ ಇದೆ. ಹೆಸರು ಬ್ರೂನೋ, ಹುಟ್ಟಿದ್ದು ಸೆಪ್ಟೆಂಬರ್ 10ಕ್ಕೆ. ಮನೆ ಖಾಲಿ ಮಾಡೋ ಗಡಿಬಿಡಿ, ಮರಿಯನ್ನು ಡಿಸೆಂಬರ್ ಮೊದಲ ವಾರವೇ ವಿಮಾನಕ್ಕೆ ಹಾಕಿಬಿಡ್ತೀನಿ, ನೀನು ಹೋಗಿ ಬಿಡಿಸಿಕೋ ಅಂತಾನೆ. ಕಲಬುರಗಿಯಲ್ಲೇ ವಿಮಾನ ನಿಲ್ದಾಣ ಇದೆಯಲ್ಲ, ಇಲ್ಲಿಗೇ ತರಿಸಬಹುದಾ? ಹೋಗುವಾಗ ಏನೇನು ಒಯ್ಯಬೇಕು? ನನ್ನ ಮಗ ದಿನಾ ವಿಡಿಯೋ ಕಾಲ್‌ನಲ್ಲಿ ಮರಿ ನೋಡಿ ದಿನ ಎಣಿಸುತ್ತಿದ್ದಾನೆ. ಇನ್ನೊಂದು ಮಾತು. ಇದನ್ನು ಕೇಳಿ ಪಕ್ಕದ ಮನೆಯವರೂ ಆನ್‌ಲೈನ್‌ನಲ್ಲಿ ಹೊರದೇಶದ ಪಾಮರೇನಿಯನ್ ಮರಿಗೆ ಮಾತಾಡಿದ್ದಾರೆ. 15 ಸಾವಿರಕ್ಕೆ ಮನೆ ಬಾಗಿಲಿಗೇ ತಂದುಕೊಡ್ತಾರಂತೆ. ನಂಬಬಹುದಾ?

ಉತ್ತರ: ಟೀಚರ್, ಮೊದಲು ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ ಡಿಸೆಂಬರ್ ಟಿಕೆಟ್ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿ.

ಯಾಕೆ ಅಂತ ಹೇಳ್ತೀನಿ. ಹೊರಗಿನಿಂದ ನಮ್ಮ ದೇಶಕ್ಕೆ ಬರುವ ನಾಯಿಗೆ ರೇಬಿಸ್ ಲಸಿಕೆ ಆಗಿರಬೇಕು. ಆ ಲಸಿಕೆ ಹಾಕಿ 30 ದಿನ ದಾಟಿರಬೇಕು, ಒಂದು ವರ್ಷ ಮೀರಿರಬಾರದು. ಜರ್ಮನಿಯಲ್ಲಿ ಮರಿಗೆ 12 ವಾರ ತುಂಬಿದ ಮೇಲೆ ರೇಬಿಸ್ ಸೂಜಿ ಹಾಕುತ್ತಾರೆ. ಬ್ರೂನೋಗೆ 12 ವಾರ ತುಂಬುವುದು ಡಿಸೆಂಬರ್ 3ಕ್ಕೆ. ಅದೇ ದಿನ ಸೂಜಿ ಬಿದ್ದರೂ 30 ದಿನ ಕಳೆಯುವುದು ಜನವರಿ 2ಕ್ಕೆ. ಅಂದರೆ ಜನವರಿ 3ಕ್ಕಿಂತ ಮುಂಚೆ ಅವನು ವಿಮಾನ ಹತ್ತುವ ಹಾಗೇ ಇಲ್ಲ. ಯಾರ ಕೈಕಾಲು ಹಿಡಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಈ ಲೆಕ್ಕ ಗೊತ್ತಿಲ್ಲದೆ ಕಳಿಸಿದರೆ ಕಷ್ಟ ಬೀಳುವುದು ಮರಿಗೇ. ಕಾಗದ ಸರಿ ಇಲ್ಲದ ಪ್ರಾಣಿಯನ್ನು ಬಂದ ವಿಮಾನದಲ್ಲೇ ವಾಪಸ್ ಕಳಿಸುವ ಅಧಿಕಾರ, ವಿಮಾನ ನಿಲ್ದಾಣದಲ್ಲಿ ಹೊರದೇಶದ ಪ್ರಾಣಿಗಳನ್ನು ತಪಾಸಣೆ ಮಾಡುವ ಕ್ವಾರಂಟೈನ್ ಆಫೀಸಿಗಿದೆ. ಒಂಬತ್ತು ಗಂಟೆ ಕತ್ತಲಲ್ಲಿ ಕೂತು ಬಂದ ಕೂಸನ್ನು ಮತ್ತೆ ಒಂಬತ್ತು ಗಂಟೆ ಕೂರಿಸಿ ಕಳಿಸುವುದನ್ನು ನೆನೆಸಿಕೊಳ್ಳಿ. ಹಾಗಾಗಿ ನನ್ನ ಹತ್ತಿರ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ: ಆ ಆಫೀಸಿನ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ ನಿಮ್ಮ ಕೈಗೆ ಬರುವ ತನಕ ಮರಿ ಆ ಊರು ಬಿಡಬಾರದು.

ಇನ್ನು ಕಲಬುರಗಿಗೆ ತರಿಸುವ ಮಾತು. 2019ರ ನವೆಂಬರಿನಲ್ಲಿ ಶುರುವಾದ ನಮ್ಮ ವಿಮಾನ ನಿಲ್ದಾಣ ಒಳನಾಡಿನ ಪ್ರಯಾಣಕ್ಕಷ್ಟೆ. ಬೀದರಿನದೂ ಹಾಗೇ. ಹೊರದೇಶದ ಪ್ರಾಣಿ ಇಳಿಯಬೇಕಾದರೆ ಅಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಆಫೀಸು ಇರಬೇಕು, ಕಸ್ಟಮ್ಸ್ ಇರಬೇಕು. ನಮಗೆ ಹತ್ತಿರದ ಅಂಥ ಜಾಗ ಹೈದರಾಬಾದಿನ ಶಂಷಾಬಾದ್. ಬೆಂಗಳೂರು, ಮುಂಬೈಯಲ್ಲೂ ಇದೆ. ಆದರೆ ದಾರಿ ದೂರ, ಸುಮ್ನೆ ಮರಿಗೆ ಸುಸ್ತು. ಫ್ರಾಂಕ್‌ಫರ್ಟ್‌ನಿಂದ ಹೈದರಾಬಾದಿಗೆ ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ, ನಾಲ್ಕು ಕಾಸು ಜಾಸ್ತಿ ಆದರೂ ಸರಿ. ನಡುವೆ ಇಳಿಸಿ ಹತ್ತಿಸುವಾಗಲೇ ಬಿಸಿಲು, ಗದ್ದಲ, ತಡ ಎಲ್ಲ ಬರೋದು.

ಈಗ ಎಲ್ಲಕ್ಕಿಂತ ದೊಡ್ಡ ವಿಷಯ. ನಾಯಿಯನ್ನು ಯಾರು ಬೇಕಾದರೂ ಹೊರದೇಶದಿಂದ ತರಿಸಿಕೊಳ್ಳುವ ಹಾಗಿಲ್ಲ. ಎರಡು ವರ್ಷ ಬಿಡದೆ ಹೊರಗಿದ್ದು, ವಾಸ ಬದಲಿಸಿ ಇಲ್ಲಿಗೇ ವಾಪಸ್ ಬರುವವರು ತಮ್ಮ ಸಾಮಾನಿನ ಜೊತೆ ಎರಡು ಸಾಕುಪ್ರಾಣಿಗಳ ತನಕ ತರಬಹುದು. ಆ ಲೆಕ್ಕದಲ್ಲಿ ಬರದವರಿಗೆ ಆಮದು ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿಎಫ್‌ಟಿಯ ಲೈಸೆನ್ಸ್ ಬೇಕು. ಮರಿ ಹಾಕಿಸಿ ಮಾರುವ ವ್ಯಾಪಾರಕ್ಕಂತೂ 2016ರ ಏಪ್ರಿಲ್‌ನಿಂದ ನಾಯಿ ತರಿಸುವುದೇ ಬಂದ್. ನಿಮ್ಮ ತಮ್ಮ ನಾಲ್ಕು ವರ್ಷ ಇದ್ದು ಪೂರ್ತಿ ಬರುತ್ತಿದ್ದಾನೆ, ಅದು ನಿಮ್ಮ ಪುಣ್ಯ. ಆದರೆ ಹಕ್ಕು ಅವನದು, ನಿಮ್ಮದಲ್ಲ. ಆದ್ದರಿಂದ "ಮರಿ ಮೊದಲು, ನಾನು ಆಮೇಲೆ" ಅನ್ನೋ ಯೋಜನೆ ಬೇಡ. ತಮ್ಮ ಬಂದಿಳಿಯಲಿ, ಇಲ್ಲಾ ಇಬ್ಬರೂ ಒಂದೇ ವಿಮಾನದಲ್ಲಿ ಬರಲಿ. ಕಸ್ಟಮ್ಸ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಹಿಡಿದು ಅವನೇ ನಿಂತರೆ ಅರ್ಧ ಪ್ರಶ್ನೆಗಳು ಹುಟ್ಟೋದೇ ಇಲ್ಲ. ಅವನು ಹಳೇ ಪಾಸ್‌ಪೋರ್ಟ್ ಇದ್ದರೆ ಅದನ್ನೂ ತರಲಿ. ಎರಡು ವರ್ಷದ ವಾಸ ತೋರಿಸುವ ಸೀಲುಗಳು ಅದರಲ್ಲೇ ಇರುತ್ತವೆ.

ಎನ್‌ಒಸಿಗೆ ಕ್ವಾರಂಟೈನ್ ಆಫೀಸಿಗೆ ಮೊದಲೇ ಅರ್ಜಿ ಹಾಕಬೇಕು. ಬರುವುದಕ್ಕೆ ಕನಿಷ್ಠ ಒಂದು ವಾರ ಮುಂಚೆ ಅನ್ನುತ್ತಾರೆ. ನಾನು ಮೂರು ವಾರ ಮುಂಚೆಯೇ ಆಫೀಸಿನ ಜೊತೆ ಮಾತು ಶುರು ಮಾಡಿ ಅನ್ನುತ್ತೇನೆ. ಯಾವ ಲಸಿಕೆ, ಯಾವ ರಕ್ತಪರೀಕ್ಷೆ, ಆರೋಗ್ಯ ಪತ್ರ ಎಷ್ಟು ದಿನದೊಳಗಿನದು, ಎಲ್ಲವನ್ನೂ ಅವರಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಅದನ್ನು ಹಾಗೇ ತಮ್ಮನಿಗೆ ಕಳಿಸಿ. ಅಲ್ಲಿನ ಸರ್ಕಾರಿ ಪಶುವೈದ್ಯರು ಆ ಪಟ್ಟಿ ನೋಡಿಕೊಂಡೇ ಆರೋಗ್ಯ ಪತ್ರ ಬರೆಯಬೇಕು. ಖಾಸಗಿ ಡಾಕ್ಟರ್ ಸಹಿ ಒಂದೇ ಸಾಲದು. ಮೊದಲು ಸಿಗುವ ಎನ್‌ಒಸಿ ತಾತ್ಕಾಲಿಕ. ಮರಿ ಇಳಿದ ಮೇಲೆ ಅಧಿಕಾರಿ ಅದನ್ನು ಕಣ್ಣಾರೆ ನೋಡಿ, ಪರೀಕ್ಷೆ ಮಾಡಿ ಕೊನೆಯದನ್ನು ಕೊಡುತ್ತಾರೆ. ಅದಾದ ಮೇಲೇ ಕಸ್ಟಮ್ಸ್ ಬಿಡೋದು.

ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಹುಮನಾಬಾದಿನ ಪರಿಚಯದವರ ಜೊತೆ ನಾನೇ ಹೋಗಿದ್ದೆ. ಮರಿ ಚೆನ್ನಾಗಿಯೇ ಇತ್ತು. ಕ್ರೇಟಿನ ಜಾಲರಿಗೆ ಮೂಗು ಒತ್ತಿ ಮಲಗಿತ್ತು. ಬೆರಳು ಹತ್ತಿರ ಒಯ್ದರೆ ನೆಕ್ಕುತ್ತಿತ್ತು. ಚರ್ಮದ ಕೆಳಗೆ ಹಾಕಿದ ಗುರುತಿನ ಮೈಕ್ರೋಚಿಪ್ಪು ಓದುವ ಸ್ಕ್ಯಾನರನ್ನು ಅಧಿಕಾರಿ ಅದರ ಕುತ್ತಿಗೆ ಹಿಂದೆ ಆಡಿಸಿದರು. ಪೀಂ ಅಂತು, ಪರದೆ ಮೇಲೆ 15 ಅಂಕಿ ಬಂತು. ಕಾಗದದ ಅಂಕಿ ಜೊತೆ ಬೆರಳಿಟ್ಟು ಒಂದೊಂದೇ ತಾಳೆ ನೋಡಿದರು. ಹನ್ನೊಂದನೆಯ ಅಂಕಿ ಹತ್ತಿರ ಬೆರಳು ನಿಂತಿತು. ಚಿಪ್ಪಿನಲ್ಲಿ 6, ಕಾಗದದಲ್ಲಿ 9. ಅಲ್ಲಿನ ಡಾಕ್ಟರು ಬರೆಯುವಾಗ ತಪ್ಪಿದ್ದರು. ಅಧಿಕಾರಿ ಇನ್ನೂ ಎರಡು ಸಲ ಸ್ಕ್ಯಾನ್ ಮಾಡಿದರು, ಪಾಪ, ಅವರಿಗೂ ಬಿಡುವ ಮನಸ್ಸೇ. ಆದರೆ ಆ ಕಾಗದ ಈ ಮರಿಯದೇ ಅಂತ ಯಾರು ಹೇಳಬೇಕು? ಆ ದೇಶದಲ್ಲಿ ಬೆಳಗಾಗಿ, ಆಫೀಸು ತೆರೆದು, ತಿದ್ದಿದ ಪತ್ರ ಮೇಲ್‌ನಲ್ಲಿ ಬರುವ ತನಕ ಐದು ಗಂಟೆ ಕೂತೆವು. ಅವತ್ತಿನಿಂದ ನಾನು ಎಲ್ಲರಿಗೂ ಹೇಳೋದು: ಹೊರಡುವ ಮುಂಚೆ ಅಲ್ಲೇ ಸ್ಕ್ಯಾನ್ ಮಾಡಿಸಿ, ಪರದೆಯ ಫೋಟೋ ತೆಗೆದು, ಲಸಿಕೆ ಪುಸ್ತಕ, ಆರೋಗ್ಯ ಪತ್ರ, ಎನ್‌ಒಸಿ ಮೂರರ ಜೊತೆಗೂ ಇಬ್ಬರು ಬೇರೆ ಬೇರೆಯಾಗಿ ಓದಿ ನೋಡಲಿ. ಜರ್ಮನಿಯ ಚಿಪ್ಪಾದರೆ ಸಾಮಾನ್ಯವಾಗಿ 276ರಿಂದ ಶುರುವಾಗುತ್ತದೆ. ಇನ್ನೊಂದು, ಚಿಪ್ಪು ಮೊದಲು, ರೇಬಿಸ್ ಸೂಜಿ ಆಮೇಲೆ. ಹಿಂದುಮುಂದಾದರೆ ಆ ಸೂಜಿ ಯಾವ ಮರಿಗೆ ಹಾಕಿದ್ದು ಅನ್ನೋ ಪ್ರಶ್ನೆ ಬರುತ್ತದೆ.

ದಿನ ಯಾವುದು ಇಟ್ಟುಕೊಳ್ಳಬೇಕು? ಜನವರಿ 3 ದಾಟಬೇಕು ಅಂತಾಯಿತು. ಆದರೆ ಸಂಕ್ರಾಂತಿ ಆಚೀಚೆ ಖಂಡಿತ ಬೇಡ. ತೆಲಂಗಾಣದಲ್ಲಿ ಅದು ದೊಡ್ಡ ಹಬ್ಬ. ಹೈದರಾಬಾದಿನ ಜನವೆಲ್ಲ ಊರಿಗೆ ಹೊರಟು ರಸ್ತೆ ಕಟ್ಟಿಕೊಂಡಿರುತ್ತದೆ, ಆಫೀಸಿಗೂ ರಜೆ. ಗಣರಾಜ್ಯ ದಿನವನ್ನೂ ಬಿಡಿ. ಇವೆರಡರ ನಡುವಿನ ವಾರ ಒಳ್ಳೆಯದು. ಯುರೋಪಿನ ವಿಮಾನ ಇಲ್ಲಿಗೆ ಇಳಿಯುವುದು ಹೆಚ್ಚಾಗಿ ರಾತ್ರಿ ಹೊತ್ತು. ಶನಿವಾರ ರಾತ್ರಿ ಇಳಿದರೆ ಭಾನುವಾರ ಪೂರ್ತಿ ಹೋಗುವ ಭಯ. ಸೋಮವಾರದಿಂದ ಬುಧವಾರದ ಒಳಗೆ ಇಳಿಯುವ ಹಾಗೆ ನೋಡಿ. ಆ ಹೊತ್ತಿಗೆ ಅಧಿಕಾರಿ ಇರುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಾರ್ಚಿಗೆ ಮಾತ್ರ ತಳ್ಳಬೇಡಿ. ನಮ್ಮ ಕಡೆ ಬಿಸಿಲು ಏರಿದ ಮೇಲೆ ಎಷ್ಟೋ ವಿಮಾನ ಕಂಪನಿಗಳು ನಾಯಿಯನ್ನು ಹತ್ತಿಸಿಕೊಳ್ಳೋದೇ ಇಲ್ಲ, ಹಾಗೆ ಮಾಡುವುದು ಸರಿಯೂ ಹೌದು.

ಕ್ರೇಟ್ ವಿಷಯ. ತಮ್ಮ ಈಗಾಗಲೇ ಕೊಂಡಿದ್ದರೆ ಅದು ಜನವರಿಗೆ ಆಗೋದಿಲ್ಲ. ಹತ್ತು ವಾರದ ಲ್ಯಾಬ್ರಡಾರ್ ಹದಿನೇಳು ವಾರಕ್ಕೆ ಹೆಚ್ಚು ಕಡಿಮೆ ದುಪ್ಪಟ್ಟು ತೂಕ ಬರುತ್ತದೆ. ವಿಮಾನಗಳು ಅಯಾಟಾ ಅನ್ನುವ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘದ ಪ್ರಾಣಿ ನಿಯಮವನ್ನೇ ಪಾಲಿಸುತ್ತವೆ. ಅಳತೆ ಹೀಗೆ: ಮೂಗಿನ ತುದಿಯಿಂದ ಬಾಲದ ಬುಡದ ತನಕ ಅಳೆಯಿರಿ. ನೆಲದಿಂದ ಮುಂಗಾಲಿನ ಮೊಣಕೈ ತನಕ ಅಳೆದು ಅದರ ಅರ್ಧ ಸೇರಿಸಿ. ಅದು ಕ್ರೇಟಿನ ಉದ್ದ. ಭುಜದ ಅಗಲದ ಎರಡರಷ್ಟು ಅದರ ಅಗಲ. ನಿಂತಾಗ ತಲೆ ಅಥವಾ ಕಿವಿ ತುದಿಯ ತನಕದ ಎತ್ತರ, ಅದಕ್ಕೆ ಹಾಸಿಗೆಯ ದಪ್ಪ ಸೇರಿಸಿ. ಮೂಗಿನಿಂದ ಬಾಲಕ್ಕೆ 60 ಸೆಂಟಿಮೀಟರ್, ಮೊಣಕೈಗೆ 26 ಇದ್ದರೆ ಕ್ರೇಟ್ 73 ಸೆಂಟಿಮೀಟರ್ ಉದ್ದ ಬೇಕು. ಇದು ಒಳಗಿನ ಅಳತೆ, ಅಂಗಡಿಯವರು ಹೇಳುವ ಹೊರಗಿನದಲ್ಲ. ಹೊರಡುವುದಕ್ಕೆ ಒಂದು ವಾರ ಇರುವಾಗ ಇನ್ನೊಮ್ಮೆ ಅಳೆಯಲಿ. ಗಿಡ್ಡ ಮೂಗಿನ ಪಗ್, ಬುಲ್‌ಡಾಗ್ ಆಗಿದ್ದರೆ ನಾನು ವಿಮಾನವೇ ಬೇಡ ಅನ್ನುತ್ತಿದ್ದೆ. ಅವುಗಳಿಗೆ ನೆಲದ ಮೇಲೇ ಉಸಿರಾಟ ಕಷ್ಟ. ಲ್ಯಾಬ್ರಡಾರಿಗೆ ಆ ಚಿಂತೆ ಇಲ್ಲ.

ಕ್ರೇಟ್ ಬಂದ ದಿನದಿಂದ ಬ್ರೂನೋಗೆ ಊಟ ಅದರೊಳಗೇ ಹಾಕಲಿ. ಬಾಗಿಲು ತೆರೆದೇ ಇರಲಿ. ಆಮೇಲೆ ಐದು ನಿಮಿಷ ಮುಚ್ಚುವುದು, ಹತ್ತು ನಿಮಿಷ, ಒಂದು ಗಂಟೆ, ಒಂದು ರಾತ್ರಿ. ಹೊರಡುವ ಹೊತ್ತಿಗೆ ಅದು ಅವನಿಗೆ ಸ್ವಂತ ಕೋಣೆ ಆಗಿರಬೇಕು. ಇಷ್ಟು ದಿನ ಸಿಕ್ಕಿದೆಯಲ್ಲ, ಡಿಸೆಂಬರ್ ತಪ್ಪಿದ್ದರ ಲಾಭ ಇದು. ಒಳಗೆ ನಿಮ್ಮ ತಮ್ಮ ತೊಟ್ಟು ಬಿಟ್ಟ, ಒಗೆಯದ ಟೀ ಶರ್ಟ್ ಒಂದು ಹಾಸಲಿ. ನಿದ್ದೆ ಮಾತ್ರೆ ಯಾರೇ ಹೇಳಲಿ, ಕೊಡಬಾರದು. ಮೇಲೆ ಹೋದಾಗ ಅದು ಉಸಿರು, ರಕ್ತದ ಒತ್ತಡ ಎರಡನ್ನೂ ಇಳಿಸುತ್ತದೆ. ಕಂಪನಿಯವರೂ ಮತ್ತೇರಿದ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ.

ಈಗ ನೀವು ಹೋಗುವ ದಿನ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗೆ ಹೋಗದೇ ಶಂಷಾಬಾದ್ ಮುಟ್ಟಬಹುದು. ಐದು ಗಂಟೆ ಇಟ್ಟುಕೊಳ್ಳಿ. ಹಿಂದಿನ ಸಂಜೆಯೇ ಹೋಗಿ ಹತ್ತಿರದಲ್ಲಿ ರೂಮ್ ಹಿಡಿದು ಮಲಗಿ. ರಾತ್ರಿಯಿಡೀ ನಿದ್ದೆಗೆಟ್ಟ ಡ್ರೈವರ್ ಜೊತೆ ವಾಪಸ್ ಬರುವುದು ಮರಿಗೂ ನಿಮಗೂ ಒಳ್ಳೆಯದಲ್ಲ. ಗಾಡಿ ಬುಕ್ ಮಾಡುವಾಗಲೇ ನಾಯಿ ಕ್ರೇಟ್ ಬರುತ್ತದೆ ಅಂತ ಹೇಳಿ, ಹಿಂದಿನ ಸೀಟು ಮಡಚಿದಾಗ ಕ್ರೇಟಿನ ಹೊರಗಿನ ಅಳತೆಯಷ್ಟು ಜಾಗ ಆಗುತ್ತಾ ಅಂತ ಟೇಪ್ ಹಿಡಿದೇ ನೋಡಿ. ಮರಿ ಕಾರ್ಗೋದಲ್ಲಿ ಬಂದರೆ ಪ್ಯಾಸೆಂಜರ್ ಬಾಗಿಲ ಮುಂದೆ ಕಾಯಬೇಡಿ. ಕಾರ್ಗೋ ಟರ್ಮಿನಲ್ ಬೇರೆಯೇ ಇದೆ. ಮೊದಲ ಸಲ ಹೋಗುವವರು ಒಬ್ಬ ಕ್ಲಿಯರಿಂಗ್ ಏಜೆಂಟನ್ನು ಹಿಡಿಯುವುದು ಒಳ್ಳೆಯದು. ಲೈಸೆನ್ಸ್ ಇರುವವನಾ ನೋಡಿ, ಚಾರ್ಜು ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ಕೈಚೀಲದಲ್ಲಿ ಎಲ್ಲ ಕಾಗದದ ಮೂರು ಮೂರು ಝೆರಾಕ್ಸ್, ಮೊಬೈಲಿನಲ್ಲೂ ಒಂದೊಂದು ಪ್ರತಿ. ಒಂದು ಕಟಿಂಗ್ ಪ್ಲೇಯರ್ ಮರೆಯಬೇಡಿ. ಕ್ರೇಟಿನ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತಾರೆ, ಅದು ಕೈಗೆ ಕಿತ್ತು ಬರುವುದಿಲ್ಲ. ಹಳೇ ಬೆಡ್‌ಶೀಟ್ ಎರಡು, ಪೇಪರ್ ಒಂದು ಕಟ್ಟು, ಕಸದ ಚೀಲ, ನೀರು, ಅಗಲ ಬಟ್ಟಲು. ಎದೆಗೆ ಹಾಕುವ ಬೆಲ್ಟು ಮತ್ತು ಹಗ್ಗ. ಕೊರಳಿನ ಬೆಲ್ಟೊಂದೇ ಆದರೆ ಗಾಬರಿಯಾದ ಮರಿ ತಲೆ ಜಾರಿಸಿಕೊಂಡು ಓಡುತ್ತದೆ. ದಯವಿಟ್ಟು ಪಾರ್ಕಿಂಗ್ ಜಾಗದಲ್ಲಿ ಕ್ರೇಟ್ ತೆರೆಯಬೇಡಿ. ಮಗ ಎಷ್ಟೇ ಅತ್ತರೂ ಬೇಡ. ಲಾರಿಗಳು ಓಡಾಡೋ ಜಾಗ ಅದು. ಗಾಡಿಯೊಳಗೆ ಕೂತು, ನಾಲ್ಕೂ ಬಾಗಿಲು ಹಾಕಿ, ಗ್ಲಾಸ್ ಏರಿಸಿ, ಮೊದಲು ಬೆಲ್ಟು ಹಾಕಿ, ಆಮೇಲೆ ಹೊರಗೆ ತೆಗೆಯಿರಿ.

ಮೊದಲು ನೀರು. ಬಟ್ಟಲು ತುಂಬ ಕೊಡಬೇಡಿ, ನಾಲ್ಕು ಗುಟುಕು. ಹತ್ತು ನಿಮಿಷ ಬಿಟ್ಟು ಇನ್ನೊಂದಿಷ್ಟು. ಗಟಗಟ ಕುಡಿದರೆ ಅಷ್ಟನ್ನೂ ವಾಂತಿ ಮಾಡುತ್ತದೆ. ತುಟಿ ಎತ್ತಿ ಒಸಡು ನೋಡಿ. ನಸುಗೆಂಪಾಗಿ ಒದ್ದೆ ಇದ್ದರೆ ಚಿಂತೆ ಇಲ್ಲ. ಬಿಳಿಚಿದ್ದರೆ, ಒಣಗಿ ಅಂಟಂಟಾಗಿದ್ದರೆ, ಕಿವಿ ಜೋತು ಎದ್ದೇಳದೇ ಹೋದರೆ ಕಲಬುರಗಿಗೆ ಹೊರಡಬೇಡಿ, ಹೈದರಾಬಾದಿನಲ್ಲೇ ಡಾಕ್ಟರ್ ಹತ್ತಿರ ಒಯ್ಯಿರಿ. ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಹಜ, ಮನುಷ್ಯರ ಲೆಕ್ಕದಲ್ಲಿ ಜ್ವರ ಅಂತ ಹೆದರಬೇಡಿ. ದಾರಿಯಲ್ಲಿ ಊಟ ಸ್ವಲ್ಪವೇ. ಢಾಬಾ ಮುಂದೆ ನೆಲಕ್ಕೆ ಬಿಡುವುದು ಬೇಡ. ಬೀದಿನಾಯಿಗಳು ಓಡಾಡುವ ಜಾಗ, ಉಣ್ಣೆ ಹತ್ತಿಕೊಳ್ಳುತ್ತವೆ. ಈ ಉಣ್ಣೆಯ ಬಗ್ಗೆ ನನಗೆ ನಿಜವಾದ ಆತಂಕ ಇದೆ. ನಮ್ಮ ಕಡೆಯ ಉಣ್ಣೆಗಳು ರಕ್ತದಲ್ಲಿ ರೋಗ ಬಿಡುತ್ತವೆ. ಜ್ವರ ಬಂದು, ಊಟ ಬಿಟ್ಟು, ಒಸಡು ಬೆಳ್ಳಗಾಗುತ್ತದೆ. ಅದಕ್ಕೆ ಬಂದ ಮರುದಿನವೇ ತೂಕ ನೋಡಿಸಿ, ಆ ತೂಕಕ್ಕೆ ತಕ್ಕ ಉಣ್ಣೆ ಮಾತ್ರೆ ನಿಮ್ಮ ಡಾಕ್ಟರಿಂದ ಬರೆಸಿ. ದೊಡ್ಡ ತೊಂದರೆ ಏನಾದರೂ ಇದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಮನೆಯಲ್ಲಿ ನೆಲ ಶಹಾಬಾದ್ ಕಲ್ಲಿನದೇ ಇರಬೇಕಲ್ವಾ? ಬೇಸಿಗೆಗೆ ಅವನಿಗೆ ಅದಕ್ಕಿಂತ ತಂಪು ಜಾಗ ಇಲ್ಲ. ಆದರೆ ಪಾಲಿಶ್ ಮಾಡಿದ ಕಲ್ಲಾದರೆ ಕಾಲು ಜಾರುತ್ತದೆ. ಬೆಳೆಯುವ ಲ್ಯಾಬ್ರಡಾರಿನ ಸೊಂಟಕ್ಕೆ ಅದು ಒಳ್ಳೆಯದಲ್ಲ. ಅವನು ಓಡಾಡೋ ಕಡೆ ಗೋಣಿತಟ್ಟು ಹಾಸಿ. ಗೇಟಿನ ಕೆಳಗೆ ಸಂದು ಇದ್ದರೆ ಈಗಲೇ ಹಲಗೆ ಹೊಡೆಸಿ. ಊಟಕ್ಕೆ ತಮ್ಮ ಅಲ್ಲಿ ಹಾಕುತ್ತಿದ್ದ ಅದೇ ನಾಯಿ ಆಹಾರದ ಕಾಳು ಎರಡು ಕಿಲೋ ತರಲಿ. ಇಲ್ಲಿಯದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹತ್ತು ದಿನಕ್ಕೆ ಬದಲಿಸಿ. ಆಮೇಲೆ ಜೋಳದ ರೊಟ್ಟಿಯ ಚೂರು ಕೊಟ್ಟರೆ ಏನೂ ಆಗಲ್ಲ. ಪುಂಡಿ ಪಲ್ಯ, ಬೇಳೆ, ಸಾರು ಯಾವುದೂ ಬೇಡ. ನಮ್ಮ ಅಡುಗೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ್ದು ಯಾವುದಿದೆ? ಅವೆರಡೂ ನಾಯಿಯ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಚಾಕಲೇಟ್ ಕೂಡ ವಿಷವೇ. ಇದನ್ನು ನಿಮ್ಮ ಮಗನ ಕೈಯಲ್ಲೇ ಬರೆಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿ, ಅವನು ಕಾವಲು ಕಾಯುತ್ತಾನೆ.

ಇನ್ನು ಪಕ್ಕದ ಮನೆಯವರ ಪಾಮರೇನಿಯನ್. ದುಡ್ಡು ಕೊಟ್ಟಿಲ್ಲ ಅಂದರೆ ಕೊಡಬೇಡಿ ಅನ್ನಿ. ಮೇಲೆ ಬರೆದದ್ದನ್ನೆಲ್ಲ ಅವರಿಗೆ ಓದಿ ತೋರಿಸಿ: ಲೈಸೆನ್ಸ್, ಲಸಿಕೆ, 30 ದಿನ, ಎನ್‌ಒಸಿ, ವಿಮಾನದ ಬಾಡಿಗೆ. ಇಷ್ಟೆಲ್ಲ 15 ಸಾವಿರಕ್ಕೆ ಆಗುತ್ತಾ? ಆ ಮರಿ ಎರಡು ತಿಂಗಳದು ಅಂತ ಹೇಳಿದ್ದರೆ ಅಲ್ಲಿಗೇ ಸುಳ್ಳು ಗೊತ್ತಾಯಿತು. ಈ ಮೋಸ ಹೇಗೆ ನಡೆಯುತ್ತದೆ ಅಂದರೆ, ಮೊದಲು ಮರಿಯ ಚೆಂದದ ಫೋಟೋ. ದುಡ್ಡು ಹೋದ ಮೇಲೆ "ಮರಿ ದಿಲ್ಲಿಗೆ ಬಂದಿದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ" ಅಂತ ಫೋನ್. ಆಮೇಲೆ ಇನ್ಶೂರೆನ್ಸ್, ಎಸಿ ಕ್ರೇಟ್, ದಂಡ. ಪ್ರತಿ ಸಲ "ಕಟ್ಟದಿದ್ದರೆ ಮರಿ ಸಾಯುತ್ತೆ" ಅನ್ನುತ್ತಾರೆ. ಮರುಕ ಇರುವವರೇ ಇದಕ್ಕೆ ಬೀಳೋದು, ಅದೇ ನನಗೆ ಜಾಸ್ತಿ ಸಂಕಟ. ಕಸ್ಟಮ್ಸ್‌ನವರು ಯಾರದೋ ಸ್ವಂತ ಖಾತೆಗೆ, ಯುಪಿಐಗೆ ದುಡ್ಡು ಕೇಳುವುದಿಲ್ಲ. 2019ರ ನವೆಂಬರಿನಿಂದ ಅವರ ಪತ್ರಗಳಲ್ಲಿ ಡಿನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ವಿಮಾನದ ಸರಕಿಗೆ ಕೊಡುವ ರಸೀದಿ, ಅಂದರೆ ಏರ್‌ವೇ ಬಿಲ್ ನಂಬರ್ ಕೇಳಿ. ಅದರಲ್ಲಿ 11 ಅಂಕಿ. ಮೊದಲ ಮೂರು ವಿಮಾನ ಕಂಪನಿಯ ಗುರುತು: ಲುಫ್ತಾನ್ಸಾಗೆ 020, ಎಮಿರೇಟ್ಸ್‌ಗೆ 176, ಏರ್ ಇಂಡಿಯಾಗೆ 098. ನಂತರದ ಏಳು ಅಂಕಿಯ ಸಂಖ್ಯೆಯನ್ನು 7ರಿಂದ ಭಾಗಿಸಿದರೆ ಉಳಿಯುವ ಶೇಷವೇ ಕೊನೆಯ ಅಂಕಿ. 1234567 ಇದ್ದರೆ ಶೇಷ 5, ಹಾಗಾಗಿ ಕೊನೆಗೆ 5 ಇರಬೇಕು. ಲೆಕ್ಕ ಕೂಡಿಬಂದರೆ ನಿಜ ಅಂತಲ್ಲ, ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಲೇಬೇಕು. ಆದರೆ ಕೂಡಿಬರದೇ ಹೋದರೆ ಅದು ಖೋಟಾ. ದುಡ್ಡು ಆಗಲೇ ಹೋಗಿದ್ದರೆ ನಾಳೆ ಅನ್ನದೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಬೇಗ ಹೇಳಿದಷ್ಟೂ ಖಾತೆಯಲ್ಲಿ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.

ಬ್ರೂನೋ ಬಂದ ಮೊದಲ ರಾತ್ರಿ ಅಳುತ್ತಾನೆ. ಓಣಿಯ ಮಕ್ಕಳೆಲ್ಲ ನೋಡೋಕೆ ಬರುತ್ತಾರೆ, ಮೂರು ದಿನ ಬಿಟ್ಟು ಬನ್ನಿ ಅಂತ ಹೇಳಿ ಕಳಿಸಿ. ಅದೇ ಕ್ರೇಟನ್ನು ಬಾಗಿಲು ತೆರೆದು ನಿಮ್ಮ ತಮ್ಮನ ಮಂಚದ ಪಕ್ಕ ಇಡಿ. ಒಳಗಿನ ಟೀ ಶರ್ಟ್ ವಾಸನೆ ಬರುತ್ತಿದ್ದರೂ ಒಂದು ವಾರ ಒಗೆಯಬೇಡಿ.